ಕ್ಲಿಪ್ ಹಾಕಿದ ಹಲ್ಲು: ರಕ್ತ ಬಂದ ಕಡೆಯೇ ಉಜ್ಜಿ

ಹಲ್ಲಿಗೆ ಕ್ಲಿಪ್ ಹಾಕಿಸಿದ ಕೆಲವೇ ವಾರಗಳಲ್ಲಿ ಎಷ್ಟೋ ಮಕ್ಕಳಿಗೆ ಒಸಡು ಊದಿಕೊಂಡು, ಬ್ರಷ್ ತಾಗಿದರೆ ಸಾಕು, ರಕ್ತ ಬರುತ್ತದೆ. ನೋವಾಗುತ್ತೆ ಅಂತ ಆ ಜಾಗ ಬಿಟ್ಟು ಉಳಿದ ಕಡೆ ಉಜ್ಜುತ್ತಾರೆ. ಊತ ಹೆಚ್ಚುವುದು ಅದರಿಂದಲೇ. ಹಲ್ಲಿಗೆ ಅಂಟಿಸಿದ ಪುಟ್ಟ ತುಂಡು, ಅಂದರೆ ಬ್ರಾಕೆಟ್ಟಿಗೂ ಒಸಡಿಗೂ ನಡುವಿನ ಸಣ್ಣ ಪಟ್ಟಿಯಲ್ಲಿ ಕೂತ ಬಿಳಿ ಲೋಳೆಯೇ ರಕ್ತಕ್ಕೆ ಕಾರಣ. ಅದನ್ನು ದಿನವೂ ತೆಗೆದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ಬಿಟ್ಟರೆ ಒಸಡು ಉಬ್ಬಿ ಬ್ರಾಕೆಟ್ ಮೇಲೇ ಬರಬಹುದು. ಬ್ರಾಕೆಟ್ ಸುತ್ತ ಹಲ್ಲು ಸುಣ್ಣ ಕಳೆದುಕೊಂಡು ಬಿಳಿ ಕಲೆಯಾಗುತ್ತದೆ. ಕ್ಲಿಪ್ ತೆಗೆದರೂ ಆ ಕಲೆ ಪೂರ್ತಿ ಹೋಗುವುದು ಕಷ್ಟ.

ಮೆತ್ತನೆ ಬ್ರಷ್ಷನ್ನು 45 ಡಿಗ್ರಿ ಓರೆಯಾಗಿ ಒಸಡಿನ ಅಂಚಿಗೆ ಹಿಡಿದು, ಒತ್ತದೆ, ಅಲ್ಲಲ್ಲೇ ಪುಟ್ಟದಾಗಿ ಅಲುಗಿಸಿ. ಆಮೇಲೆ ಬ್ರಾಕೆಟ್ಟಿನ ಇನ್ನೊಂದು ಬದಿಯಿಂದ ಬ್ರಷ್ ತಿರುಗಿಸಿ ಉಜ್ಜಿ. ತಂತಿಯ ಹಿಂದೆ ಬ್ರಷ್ ಹೋಗದು. ಅಲ್ಲಿಗೆ ಸಂದಿಯ ಸಣ್ಣ ಬ್ರಷ್ಷನ್ನು ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ತೂರಿಸಬೇಕು. ಮೆಡಿಕಲ್ ಶಾಪ್‌ನಲ್ಲಿ ‘ಇಂಟರ್‌ಡೆಂಟಲ್ ಬ್ರಷ್’ ಎಂದು ಕೇಳಿ.

ಪೇಸ್ಟ್ ಟ್ಯೂಬಿನ ಹಿಂಭಾಗದಲ್ಲಿ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇದೆಯೇ ನೋಡಿ. ಎಷ್ಟೋ ಹರ್ಬಲ್ ಪೇಸ್ಟ್‌ಗಳಲ್ಲಿ ಅದೇ ಇರುವುದಿಲ್ಲ. ಬಟಾಣಿ ಕಾಳಿನಷ್ಟು ಸಾಕು. ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಬೇಕು. ಕೋಲಾರ, ಪಾವಗಡ ಕಡೆ ಬೋರ್‌ವೆಲ್ ನೀರಿಗೆ ಹಲ್ಲು ಕಂದಾದದ್ದನ್ನು ಕಂಡವರಿಗೆ ಫ್ಲೋರೈಡ್ ಅಂದರೆ ಭಯ. ಅದು ಹಲ್ಲು ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದ ನೀರಿನಿಂದ ಬಂದದ್ದು. ಉಗಿಯಲು ಬಲ್ಲ ಹುಡುಗರಿಗೆ ಪೇಸ್ಟಿನ ಭಯ ಬೇಡ. ಇದ್ದಿಲಿನ ಪೇಸ್ಟ್, ಬಿಳುಪಿನ ಪೇಸ್ಟ್ ಮಾತ್ರ ಬೇಡವೇ ಬೇಡ. ಒರಟು ಪುಡಿ ಹಲ್ಲನ್ನು ಸವೆಸುತ್ತದೆ, ಬ್ರಾಕೆಟ್ ಅಡಿಗಂತೂ ತಲುಪುವುದೇ ಇಲ್ಲ.

ಡಾಕ್ಟರ್ ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ಔಷಧಿ ಬರೆದುಕೊಟ್ಟರೆ ಉಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ, ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುತ್ತದೆ. ಅವರು ಹೇಳಿದ ದಿನಕ್ಕಿಂತ ಹೆಚ್ಚು ಬೇಡ, ಹಲ್ಲು ಕಂದಾಗುತ್ತದೆ.

ಕಡಲೆಕಾಯಿ ಪರಿಷೆಯ ಚಿಕ್ಕಿ, ಗಟ್ಟಿ ನಿಪ್ಪಟ್ಟು ಬ್ರಾಕೆಟ್ ಕಿತ್ತುಬಿಡುತ್ತವೆ. ಅದಕ್ಕಿಂತ ಕೆಟ್ಟದ್ದು ಸಕ್ಕರೆ ಕಾಫಿಯನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದು.

ತಂತಿ ಬದಲಿಸುವ ದಿನ ಬ್ರಷ್ ಜೊತೆಗೊಯ್ಯಿರಿ. ಹಳೆ ತಂತಿ ಬಿಚ್ಚಿದ ಮೇಲೆ, ಹೊಸದು ಕೂರಿಸುವ ಮುಂಚೆ, ಒಮ್ಮೆ ಉಜ್ಜಿಕೊಳ್ಳಲು ಬಿಡಿ ಎಂದು ಕೇಳಿ.