ಮಡಿವಾಳ ಹಕ್ಕಿಯ ಬಿಳಿ ಪಟ್ಟಿ

ಒದ್ದೆ ಹತ್ತಿಯ ಸ್ವಾಬ್‌ನ ತುದಿ ಕಪ್ಪಾಯಿತು. ಅಂತೂ ಕೊಳೆ ಬಂತು ಅಂತ ಖುಷಿಪಟ್ಟೆ. ಒಂದೇ ಕ್ಷಣ. ಬಂದಿದ್ದು ಕೊಳೆ ಅಲ್ಲ, ಬಣ್ಣ.

ನಾನು ಲಂಡನ್ನಿನಲ್ಲಿ ಪೇಪರ್ ಕನ್ಸರ್ವೇಟರ್, ಕಾಗದದ ಮೇಲಿನ ಹಳೆಯ ಚಿತ್ರಗಳನ್ನು ಶುಚಿ ಮಾಡಿ ಕಾಪಾಡುವ ಕೆಲಸ. ಅವತ್ತು ಮೇಜಿನ ಮೇಲಿದ್ದದ್ದು 1780ರ ಸುಮಾರಿನ ಕಲ್ಕತ್ತೆಯ ಜಲವರ್ಣ. ಅಲ್ಲಿನ ಮುಖ್ಯ ನ್ಯಾಯಾಧೀಶರ ಹೆಂಡತಿ ಮೇರಿ ಇಂಪೆ ತಾವು ಸಾಕಿದ್ದ ಹಕ್ಕಿ, ಪ್ರಾಣಿಗಳ ಚಿತ್ರಗಳನ್ನು ಪಟ್ನಾದ ಕಲಾವಿದರಾದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಕೈಯಲ್ಲಿ ಬರೆಸಿದ್ದರಲ್ಲ, 300ಕ್ಕೂ ಜಾಸ್ತಿ, ಅದೇ ಕಾಲದ್ದು, ಅದೇ ಧಾಟಿಯದ್ದು. ಬರೆದವರ ಹೆಸರಿಲ್ಲ. ಇಂಗ್ಲೆಂಡಿನ ವಾಟ್‌ಮನ್ ಕಾಗದ, ಕೊಂಬೆ, ಅದರ ಮೇಲೊಂದು ಗಂಡು ಮಡಿವಾಳ ಹಕ್ಕಿ. ನಮ್ಮೂರ ಹಿತ್ತಲಲ್ಲಿ ಬೆಳಗಾದರೆ ಬಾಲ ಎತ್ತಿ ಹಾಡುವ ಹಕ್ಕಿ ಅದು. ಇದರ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನೋ ಧಿಮಾಕು ಬೇರೆ.

ಹೊಟ್ಟೆ ಬೆಳ್ಳಗಿತ್ತು. ರೆಕ್ಕೆಯ ಬಿಳಿ ಪಟ್ಟಿ ಮಾತ್ರ ಕಾಣೆ. ಆ ಜಾಗದಲ್ಲಿ ಮಂಕು ಬೂದಿ ಬಣ್ಣ. ಮಸಿ ಕೂತಿದೆ ಅಂತ ತೀರ್ಮಾನಿಸಿಬಿಟ್ಟೆ. ಪ್ರದರ್ಶನಕ್ಕೆ ಮೂರೇ ವಾರ. ಬಣ್ಣದಲ್ಲಿ ಯಾವ ಲೋಹ ಇದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಲೋಹದ ವಿಭಾಗದವರ ಹತ್ತಿರ, ನಮ್ಮ ಸರದಿ ಗುರುವಾರ ಮಾತ್ರ. ಎರಡನೆಯದು ಕೊಡಿ ಅಂತ ಪ್ರತಿ ವರ್ಷ ಕೇಳುತ್ತೇವೆ. ಪ್ರತಿ ವರ್ಷ ಹೊಸ ಕುರ್ಚಿಗಳು ಬರುತ್ತವೆ. ಅವತ್ತು ಸೋಮವಾರ.

ಒದ್ದೆಗೆ ಬಣ್ಣ ಬಿಡುತ್ತದಾ ಅಂತ ಒಂದು ಚುಕ್ಕೆಯಷ್ಟು ಜಾಗದಲ್ಲಿ ನೋಡುವ ಸ್ಪಾಟ್ ಟೆಸ್ಟ್ ಮಾಡಿರಲಿಲ್ಲ ಅಂತಲ್ಲ. ಕೊಂಬೆಯ ಕಂದು ಬಣ್ಣದ ಮೇಲೆ ಮಾಡಿದ್ದೆ. ರೆಕ್ಕೆಯ ಕಪ್ಪಿನ ಮೇಲೆ ಮಾಡಲಿಲ್ಲ. ಹಕ್ಕಿಗೆ ಹೊಳಪು ಬರಲಿ ಅಂತ ಆ ಪುಣ್ಯಾತ್ಮ ಕಪ್ಪಿನ ಮೇಲೆ ಗೋಂದು ಎಳೆದಿದ್ದ. ತೇವ ತಾಗಿದ್ದೇ ತಡ, ಬಿಟ್ಟುಕೊಂಡಿತು. ತೇವ ಹೀರುವ ಬ್ಲಾಟರ್ ಕಾಗದ ಒತ್ತಿ ಹಿಡಿದು ಕೂತೆ. ಎತ್ತಲು ಧೈರ್ಯ ಸಾಲದು. ಎತ್ತಿದಾಗ ಪಟ್ಟಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಜಾಗ ಹೊಳಪು ಸತ್ತು ಮಂಕಾಗಿತ್ತು.

ನಮ್ಮ ಸೀನಿಯರ್ ಬಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೇಲಿನ ದೀಪ ಆರಿಸಿ, ಪಕ್ಕದಿಂದ ಓರೆಯಾಗಿ ಬೀಳುವ ರೇಕಿಂಗ್ ಲೈಟ್ ಹಾಕಿ, "ನೋಡು" ಅಂದರು. ನಾನು ಮಸಿ ಅಂದುಕೊಂಡಿದ್ದು ಸಾಲು ಸಾಲಾಗಿ ಎದ್ದು ನಿಂತಿತು. ಒಂದೊಂದು ಗರಿಗೂ ಒಂದೊಂದು ಗೀರು, ಕೂದಲೆಳೆಯಷ್ಟು ಸಣ್ಣ.

ಬಿಳಿ ಎಲ್ಲೂ ಹೋಗಿರಲಿಲ್ಲ, ಕಪ್ಪಾಗಿತ್ತು ಅಷ್ಟೇ. ಹೊಟ್ಟೆಗೆ ಕಲಾವಿದ ಕಾಗದವನ್ನೇ ಖಾಲಿ ಬಿಟ್ಟಿದ್ದ, ಅದು ಉಳಿದಿದೆ. ಕಪ್ಪಿನ ಮೇಲೆ ಬಿಳಿ ಕಾಣಬೇಕಾದರೆ ದಪ್ಪಗೆ ಸೀಸದ ಬಿಳಿಯನ್ನೇ ಹಚ್ಚಬೇಕು. ಕಲ್ಲಿದ್ದಲ ಹೊಗೆ, ಗ್ಯಾಸ್ ದೀಪ ತುಂಬಿದ ಮನೆಗಳಲ್ಲಿ ಗಂಧಕ ತಾಗಿದರೆ ಅದು ಕಪ್ಪಾಗುತ್ತದೆ. ಕೋರ್ಸಿನ ಮೊದಲ ವರ್ಷದ ಪಾಠ ಇದು. ನಾನೇ ಜೂನಿಯರ್‌ಗಳಿಗೆ ಹೇಳಿಕೊಟ್ಟಿದ್ದೇನೆ!

ಗುರುವಾರ ಎಕ್ಸ್‌ಆರ್‌ಎಫ್‌ನಲ್ಲಿ ಸೀಸ ಬಂತು. ಕಪ್ಪಾದ ಸೀಸವನ್ನು ಮತ್ತೆ ಬೆಳ್ಳಗೆ ಮಾಡುವ ಪೆರಾಕ್ಸೈಡ್ ಕೆಲಸ ಸೀನಿಯರ್ ತಾವೇ ಮಾಡಿದರು, ನನ್ನ ಕೈಗೆ ಕೊಡಲಿಲ್ಲ. ಪಟ್ಟಿ ನಿಧಾನವಾಗಿ ಬೆಳ್ಳಗಾಯಿತು. ಸಾಸಿವೆ ಕಾಳಿನ ಕಲೆ ಹಾಗೇ ಉಳಿಯಿತು. ಚಿತ್ರದ ಸ್ಥಿತಿ ದಾಖಲಿಸುವ ಕಂಡೀಷನ್ ರಿಪೋರ್ಟಿನಲ್ಲಿ ಅದು ನನ್ನ ಕೈಬರಹದಲ್ಲೇ ಇದೆ.

ಪ್ರದರ್ಶನದ 50 ಲಕ್ಸ್‌ನ ಮಂದ ಬೆಳಕಿನಲ್ಲಿ ಯಾರಿಗೂ ಕಾಣಲಿಲ್ಲ. ನಾನು ಮಾತ್ರ ಮೂರು ಸಲ ಹೋಗಿ, ಬಗ್ಗಿ ನೋಡಿ ಬಂದೆ.