ತೂಕ ಇಳಿಯಲಿ, ಹಿಂಭಾಗ ಚಪ್ಪಟೆ ಆಗೋದು ಬೇಡ

ಡಯೆಟ್ ಮಾಡುವ ಗೆಳತಿಯರು ಸೇರಿದಾಗ ಈ ಮಾತು ಬಂದೇ ಬರುತ್ತದೆ. "ಹೊಟ್ಟೆ ಹಾಗೇ ಇದೆ ಕಣೇ, ಹಿಂದೆ ಇದ್ದದ್ದೆಲ್ಲ ಹೋಯ್ತು." ಮೆಲ್ಲಗೆ, ಅಕ್ಕಪಕ್ಕ ನೋಡಿಕೊಂಡು ಹೇಳುತ್ತಾರೆ. ಹಿಂಭಾಗ ದುಂಡಗೆ, ಗಟ್ಟಿಯಾಗಿ ಇರಬೇಕು ಅಂತ ಆಸೆಪಡೋದರಲ್ಲಿ ನಾಚಿಕೆ ಯಾಕೆ? ನನಗಂತೂ ಆ ಆಸೆ ಇದೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಅಲ್ಲಿರೋದು ಎರಡೇ, ಮೇಲೆ ಕೊಬ್ಬು, ಒಳಗೆ ಸ್ನಾಯು. ಕೊಬ್ಬು ಯಾವ ಜಾಗದಿಂದ ಮೊದಲು ಕರಗಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ಅದು ಹುಟ್ಟಿನಿಂದ ಬಂದ ಮೈಕಟ್ಟು, ಹಾರ್ಮೋನು, ವಯಸ್ಸಿಗೆ ಬಿಟ್ಟದ್ದು. ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆ ಕಡೆ ಸೇರೋದು ಜಾಸ್ತಿ, ಅಮ್ಮಂದಿರನ್ನು ನೋಡಿದರೆ ಗೊತ್ತಾಗುತ್ತದೆ. ಆದರೆ ಸ್ನಾಯು ನಮ್ಮ ಮಾತು ಕೇಳುತ್ತದೆ. ಹಿಂಭಾಗದ ಗ್ಲೂಟಿಯಸ್ ಮ್ಯಾಕ್ಸಿಮಸ್ ಇಡೀ ದೇಹದಲ್ಲೇ ದೊಡ್ಡ ಸ್ನಾಯು. ನೆಲದಿಂದ ಏಳೋಕೆ, ಮೆಟ್ಟಿಲು ಹತ್ತೋಕೆ, ಬಿಂದಿಗೆ ಎತ್ತೋಕೆ ಅದೇ ಬೇಕು.

ಊಟ ಅರ್ಧ ಮಾಡಿ, ರಾತ್ರಿ ಬರೀ ಸೌತೆಕಾಯಿ ತಿಂದು, ಬೆಳಿಗ್ಗೆ ಪಾರ್ಕಲ್ಲಿ ವಾಕಿಂಗ್ ಮಾತ್ರ ಮಾಡಿದರೆ ತೂಕ ಇಳಿಯುತ್ತದೆ ನಿಜ, ಆದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಚಪ್ಪಟೆ ಆಗೋದು ಹೀಗೆ. ಆ ಸ್ನಾಯು ಇನ್ನೂ ಬೇಕು ಅಂತ ದೇಹಕ್ಕೆ ತಿಳಿಯಬೇಕಾದರೆ ಅದಕ್ಕೆ ಭಾರದ ಕೆಲಸ ಕೊಡಬೇಕು.

ನನಗೆ ತುಂಬಾ ಇಷ್ಟವಾದದ್ದು ಹಿಪ್ ಥ್ರಸ್ಟ್. ಜಿಮ್ಮೇ ಬೇಕಂತಿಲ್ಲ. ಅಲುಗಾಡದ ಸೋಫಾವನ್ನು ಗೋಡೆಗೆ ಒತ್ತಿಸಿ ಇಟ್ಟು, ನೆಲದ ಮೇಲೆ ಕೂತು, ಬೆನ್ನಿನ ಮೇಲ್ಭಾಗವನ್ನು ಅದರ ಅಂಚಿಗೆ ಒರಗಿಸಿ. ತೊಡೆಸಂದಿಯ ಮೇಲೆ ಟವೆಲ್ ಮಡಚಿ ಹಾಕಿಕೊಂಡು ಅದರ ಮೇಲೆ ಐದು ಕೆಜಿ ಅಕ್ಕಿ ಚೀಲ. ಪಾದ ಊರಿ ಸೊಂಟ ಮೇಲೆತ್ತಿ. ಮೇಲೆ ಬಂದಾಗ ಮೊಣಕಾಲಿಂದ ಪಾದದವರೆಗಿನ ಭಾಗ ನೆಟ್ಟಗೆ ನಿಂತಿರಬೇಕು, ಗದ್ದ ಎದೆ ಕಡೆ ಬಾಗಿರಬೇಕು, ಅಲ್ಲೇ ಒಂದು ಕ್ಷಣ ಹಿಂಭಾಗ ಬಿಗಿ ಹಿಡಿದು ನಿಧಾನ ಇಳಿಸಿ. ಸೊಂಟ ನೋವು ಬಂತು ಅಂದರೆ ಹೊಟ್ಟೆ ಬಿಗಿ ಹಿಡಿಯದೆ ಬೆನ್ನು ಬಗ್ಗಿಸಿ ಎತ್ತುತ್ತಿರಬಹುದು, ಚೀಲ ತೆಗೆದಿಟ್ಟು ಸರಿಯಾಗಿ ಕಲಿಯಿರಿ. ತೊಡೆಯ ಮುಂಭಾಗವೇ ಉರಿಯುತ್ತಿದ್ದರೆ ಪಾದ ಸ್ವಲ್ಪ ಮುಂದಕ್ಕೆ ಇಡಿ.

ಎಂಟರಿಂದ ಹನ್ನೆರಡು ಸಲ, ಮೂರು ಸೆಟ್, ವಾರಕ್ಕೆ ಎರಡು ಮೂರು ದಿನ ಸಾಕು. ಕೊನೆಯ ಎರಡು ಸಲ ಎತ್ತೋಕೆ ಕಷ್ಟ ಆಗಲೇಬೇಕು. ಸಲೀಸಾಯಿತು ಅಂದ ಕೂಡಲೇ ಭಾರ ಏರಿಸಿ. ದಿನಕ್ಕೆ ನೂರು ಸ್ಕ್ವಾಟ್ ಅನ್ನೋ ಚಾಲೆಂಜುಗಳಲ್ಲಿ ನನಗೆ ನಂಬಿಕೆ ಇಲ್ಲ, ಭಾರ ಏರದೆ ಅದು ಬೇಗನೆ ಸುಮ್ನೆ ದಣಿವಾಗುತ್ತದೆ ಅಷ್ಟೆ. ಹಿಪ್ ಥ್ರಸ್ಟ್ ಜೊತೆ ರೊಮೇನಿಯನ್ ಡೆಡ್‌ಲಿಫ್ಟ್ (ಕೈಯಲ್ಲಿ ಭಾರ ಹಿಡಿದು, ಬೆನ್ನು ನೇರ ಇಟ್ಟು, ಮಂಡಿ ಸ್ವಲ್ಪವೇ ಮಡಚಿ ಸೊಂಟದಿಂದ ಮುಂದಕ್ಕೆ ಬಾಗಿ ಏಳೋದು), ಎತ್ತರದ ಮೆಟ್ಟಿಲಿಗೆ ಸ್ಟೆಪ್-ಅಪ್ ಸೇರಿಸಿದರೆ ಒಳ್ಳೆಯದು. ಮಂಡಿ, ಬೆನ್ನಿನ ತೊಂದರೆ ಇರೋರು, ಬಾಣಂತಿಯರು ಮೊದಲು ಡಾಕ್ಟರನ್ನು ಕೇಳಿ.

ಇನ್ನು ಊಟ. ನಮ್ಮ ತಟ್ಟೆಯಲ್ಲಿ ಪ್ರೋಟೀನ್ ಕಮ್ಮಿ, ಇದನ್ನು ಒಪ್ಪಿಕೊಳ್ಳಲೇಬೇಕು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸಿಗೋದು 7 ಗ್ರಾಂ ಆಸುಪಾಸು. ತೂಕ ಇಳಿಸುವಾಗ ವ್ಯಾಯಾಮ ಮಾಡುವವರಿಗೆ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಇದ್ದರೆ ಚೆನ್ನ, ಅಂದರೆ 65 ಕೆಜಿ ಇರೋರಿಗೆ ದಿನಕ್ಕೆ 78ರಿಂದ 104 ಗ್ರಾಂ. ಮುದ್ದೆ ಬಿಡಬೇಕಿಲ್ಲ, ಚಿಕ್ಕದು ಮಾಡಿ, ಪಕ್ಕದ ಸಾರನ್ನು ಗಟ್ಟಿ ಮಾಡಿ. ಹುರುಳಿಕಾಳನ್ನು ಬಸಿದು ಕಟ್ಟು ಮಾತ್ರ ಕುಡಿಯದೆ ಕಾಳನ್ನೂ ತಿನ್ನಿ. ಐವತ್ತು ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಈರುಳ್ಳಿ ಬೆಳ್ಳುಳ್ಳಿ ಜೊತೆ ಹುರಿದು ಸಾರಿನ ಪುಡಿ ಉದುರಿಸಿದರೆ ಮನೆಯವರೆಲ್ಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಮೊಟ್ಟೆ ತಿನ್ನೋರಿಗೆ ಒಂದಕ್ಕೆ 6 ಗ್ರಾಂ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.

ಮದುವೆ ಹತ್ತಿರ ಬಂತು ಅಂತ ತಿಂಗಳಿಗೆ ಹತ್ತು ಕೆಜಿ ಇಳಿಸೋಕೆ ಹೋಗಬೇಡಿ, ದಯವಿಟ್ಟು. ವಾರಕ್ಕೆ ಅರ್ಧ ಕೆಜಿ ಇಳಿದರೆ ಬೇಕಾದಷ್ಟಾಯಿತು. ತೂಕದ ಮಷೀನಿಗಿಂತ ಟೈಲರ್ ಟೇಪ್ ಇಟ್ಟುಕೊಳ್ಳಿ. ಸೊಂಟ ಮತ್ತು ಹಿಂಭಾಗದ ಅತಿ ಅಗಲ ಇರುವ ಕಡೆ, ಎರಡೂ ಅಳತೆ ಎರಡು ವಾರಕ್ಕೊಮ್ಮೆ ಬರೆದಿಡಿ. ಹಿಂಭಾಗದ ಅಳತೆಯೂ ಸ್ವಲ್ಪ ಇಳಿಯುತ್ತದೆ, ಕೊಬ್ಬು ಹೋಗುತ್ತಿದೆ ಅಲ್ವಾ, ಗಾಬರಿ ಬೇಡ. ಸೊಂಟ ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದು, ಎತ್ತುವ ಭಾರವೂ ಏರುತ್ತಿದ್ದರೆ ಊಟ, ವ್ಯಾಯಾಮ ಏನೂ ಬದಲಿಸದೆ ಹಾಗೇ ಮುಂದುವರಿಸಿ.