ಎಷ್ಟು ಹಂಪ್ ಇದಾವಪ್ಪ?

"ನಿಮ್ಮ ಮನೆಯಿಂದ ಪಿ.ಬಿ. ರಸ್ತೆ ಮುಟ್ಟೋತನಕ ಎಷ್ಟು ಹಂಪ್ ಇದಾವಪ್ಪ?"

ಭಾನುವಾರ ಪಿ.ಜೆ. ಬಡಾವಣೆಯ ಆ ಯಜಮಾನರು ಕೇಳಿದ್ದು ಇಷ್ಟೇ. ಕೇಳಿದ್ದು ನನ್ನ ಚಿಕ್ಕಪ್ಪನ ಮಗನನ್ನು. ಅವನು ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ಕಾರು ನೋಡಿದ. "ಇರ್ತಾವೆ ಸರ್, ಎಲ್ಲಾ ಕಡೆ ಇದ್ದಂಗೆ" ಅಂದ. ಯಜಮಾನರು ತಲೆ ಆಡಿಸಿ ಸುಮ್ಮನಾದರು. ಇವತ್ತು ಶುಕ್ರವಾರ. ಅಂಗಡಿಯಲ್ಲಿ ಗಾಡಿ ಜಾಕಿಗೆ ಏರಿಸುವಾಗಲೂ ಊಟಕ್ಕೆ ಕೂತಾಗಲೂ ಆ ಪ್ರಶ್ನೆ ಇನ್ನೂ ನನ್ನ ಕಿವಿ ಬಿಟ್ಟಿಲ್ಲ.

ತಮ್ಮನದು ಮೆಕ್ಕೆಜೋಳದ ವ್ಯಾಪಾರ, ಎಪಿಎಂಸಿ ಯಾರ್ಡಿನಲ್ಲಿ ಗೋದಾಮಿದೆ. ಹೈಸ್ಕೂಲಿನಲ್ಲಿದ್ದಾಗ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಪೋರ್ಶೆ 911ರ ಚಿತ್ರವನ್ನು ರಟ್ಟಿಗೆ ಅಂಟಿಸಿ ಇಟ್ಟುಕೊಂಡಿದ್ದ. ಆ ರಟ್ಟು ಈಗಲೂ ಗೋದಾಮಿನ ತಕ್ಕಡಿ ಹಿಂದಿನ ಗೋಡೆಯಲ್ಲಿದೆ. ಸಾಲ ತೀರಿಸಿ, ತಂಗಿ ಮದುವೆ ಮಾಡಿ, ಈಗ ಕೈಯಲ್ಲಿ ನಾಲ್ಕು ಕಾಸು ನಿಂತ ಮೇಲೆ ಸೆಕೆಂಡ್ ಹ್ಯಾಂಡ್ ಆದರೂ ಸರಿ ಅದನ್ನೇ ತಗೋತೀನಿ ಅಂತ ಹೊರಟಿದ್ದಾನೆ. "ದಾವಣಗೆರೆಗೆ ಯಾಕಪ್ಪ ಅಂಥ ಕಾರು" ಅನ್ನುವವರ ಮಾತು ನನಗೆ ಸೇರುವುದಿಲ್ಲ. ಅವನು ದುಡಿದದ್ದು, ಅವನು ಆಸೆಪಟ್ಟದ್ದು. ತಗೊಳ್ಳಲಿ. ನೋಡಿ ತಗೊಳ್ಳಲಿ ಅಂತಷ್ಟೇ ನನ್ನನ್ನು ಕರೆದುಕೊಂಡು ಹೋಗಿದ್ದು. ಇಪ್ಪತ್ತೆರಡು ವರ್ಷದಿಂದ ಟೈರು, ವೀಲ್ ಅಲೈನ್‌ಮೆಂಟ್ ಕೆಲಸ ಮಾಡಿಕೊಂಡು ಬಂದವನು ನಾನು. ಕಾರಿನ ಚಕ್ರ ನೋಡಿದರೆ ಯಜಮಾನ ಹೇಗೆ ಓಡಿಸಿದ್ದಾನೆ ಅಂತ ಸ್ವಲ್ಪ ಗೊತ್ತಾಗುತ್ತದೆ.

ಅವನ ಮುಂದೆ ಇದ್ದದ್ದು ಎರಡು ಕಾರು. ಎರಡೂ 2017ರ 911 ಕರೇರಾ ಎಸ್. 3 ಲೀಟರಿನ ಟರ್ಬೊ ಇಂಜಿನ್, 420 ಎಚ್‌ಪಿ, ಪಿಡಿಕೆ ಅನ್ನುವ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಲ್ಲಾ ಒಂದೇ. ಬೆಲೆಯಲ್ಲೂ ಅಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇದ್ದದ್ದು ಆಪ್ಶನ್‌ಗಳಲ್ಲಿ. ಇಂಥ ಕಾರಿಗೆ ಮೊದಲ ಯಜಮಾನ ಪಟ್ಟಿ ಹಿಡಿದು ಒಂದೊಂದೇ ಗುರುತು ಹಾಕಿ ಆರ್ಡರ್ ಕೊಟ್ಟಿರುತ್ತಾನೆ. ಪೂರ್ತಿ ಕಟ್ಟಿದ ಕಾರು ಹೊರದೇಶದಿಂದ ಬರುವುದರಿಂದ ಆ ಪಟ್ಟಿಯ ಪ್ರತಿ ಸಾಲಿಗೂ ಆಮದು ಸುಂಕ ಬೀಳುತ್ತದೆ. ಅದರ ಮೇಲೆ ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ. 18 ಜೀವಾವಧಿ ತೆರಿಗೆ. ಇಷ್ಟೆಲ್ಲಾ ಕೊಟ್ಟು ಹಾಕಿಸಿದ್ದಕ್ಕೆ ಮಾರುವಾಗ ಸಿಗುವುದು ಚೂರುಪಾರು. ಹಾಗಾಗಿ ಎರಡನೇ ಯಜಮಾನನಿಗೆ ಅವೆಲ್ಲ ಹೆಚ್ಚು ಕಡಿಮೆ ಪುಕ್ಕಟೆ ಬಂದಂತೆ. ಆದರೆ ಫ್ಯಾಕ್ಟರಿಯಲ್ಲಿ ಹಾಕದೆ ಬಿಟ್ಟದ್ದನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ. ಸೀಟು, ಸಸ್ಪೆನ್ಶನ್, ಕಾರಿನ ಮುಂಭಾಗ ಎತ್ತುವ ಲಿಫ್ಟ್, ಇವೆಲ್ಲ ಹುಟ್ಟುವಾಗಲೇ ಬರಬೇಕು. ಸ್ಟೀರಿಯೊ, ಪೇಂಟಿನ ಮೇಲಿನ ಫಿಲ್ಮ್, ಚಕ್ರ ಯಾವಾಗ ಬೇಕಾದರೂ ಹಾಕಿಸಬಹುದು. ಇದನ್ನು ತಮ್ಮನಿಗೆ ಹತ್ತು ಸಲ ಹೇಳಿದ್ದೆ.

ಅವನ ಕಣ್ಣು ನಿಂತದ್ದು ಮೊದಲನೇ ಕಾರಿನ ಮೇಲೆ. ಬೆಂಗಳೂರಿನ ಬ್ರೋಕರ್ ಒಬ್ಬ ವಾಟ್ಸಾಪಿನಲ್ಲಿ ಕಳಿಸಿದ್ದು. ಬ್ರೇಕ್ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ಹಳದಿ, 21 ಇಂಚಿನ ಕಪ್ಪು ಚಕ್ರ, ಒಳಗೆಲ್ಲ ಕಾರ್ಬನ್. ಬ್ರೋಕರ್ ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ, ಆದರೆ ಗಿರಾಕಿಯ ಕಣ್ಣು ಎಲ್ಲಿ ನಿಂತಿತೋ ಅಲ್ಲೇ ಬೆಲೆ ಏರಿಸುವ ಪೈಕಿ. ಹಳದಿ ಕ್ಯಾಲಿಪರ್ ಅಂದರೆ ಪೋರ್ಶೆಯಲ್ಲಿ ಸೆರಾಮಿಕ್ ಬ್ರೇಕ್. ಎಸ್‌ಗೆ ಮಾಮೂಲಿ ಬರುವುದು ಕೆಂಪು. ಕೆಂಪಿಗೆ ಹಳದಿ ಬಣ್ಣ ಹೊಡೆಯುವವರೂ ಇದ್ದಾರೆ. ಮುಂದಿನ ಡಿಕ್ಕಿ ಮುಚ್ಚಳದ ಒಳಗಡೆ ಒಂದು ಸ್ಟಿಕ್ಕರ್ ಇರುತ್ತದೆ, ಆಪ್ಶನ್‌ಗಳೆಲ್ಲ ಮೂರಕ್ಷರದ ಕೋಡಿನಲ್ಲಿ. ಅದರಲ್ಲಿ 450 ಅಂತ ಇದ್ದರೆ ಬ್ರೇಕು ಕಂಪನಿಯದ್ದು. ಆ ಸ್ಟಿಕ್ಕರಿನ ಫೋಟೊ ಕಳಿಸು ಅಂತ ಮೂರು ಸಲ ಕೇಳಿಸಿದೆ. ಮೂರು ಸಲವೂ ಸೈಲೆನ್ಸರ್ ಸದ್ದಿನ ವಿಡಿಯೊ ಬಂತು.

ಸೆರಾಮಿಕ್ ಒಳ್ಳೆಯ ವಸ್ತು. ಬೀಡು ಕಬ್ಬಿಣದ ಡಿಸ್ಕಿನ ಅರ್ಧದಷ್ಟೇ ತೂಕ, ಎಷ್ಟು ಕಾದರೂ ಹಿಡಿತ ಬಿಡುವುದಿಲ್ಲ. ಚೆನ್ನೈ ಹತ್ತಿರದ ಟ್ರ್ಯಾಕಿಗೆ ಹೋಗಿ ಸುತ್ತು ಹೊಡೆಯುವವನಿಗೆ ಅದು ಬೇಕು. ಆದರೆ ಚಕ್ರ ಬಿಚ್ಚುವಾಗ ರಿಮ್ ಜಾರಿ ಡಿಸ್ಕಿನ ಅಂಚಿಗೆ ತಾಗಿದರೆ ಚಕ್ಕೆ ಏಳುತ್ತದೆ, ಒಂದು ಡಿಸ್ಕ್ ಬದಲಿಸುವ ದುಡ್ಡಿಗೆ ಇಲ್ಲಿ ಒಂದು ಸಣ್ಣ ಕಾರೇ ಬರುತ್ತದೆ. ನಮ್ಮಲ್ಲಿ ಪಂಕ್ಚರ್ ಆದರೆ ಬಿಚ್ಚುವವರು ಯಾರು? ನಾನೇ ಬಿಚ್ಚಬೇಕು. ನನ್ನ ಹುಡುಗರ ಕೈಗೆ ಅದನ್ನು ಕೊಡಲು ನನಗೆ ಧೈರ್ಯವಿಲ್ಲ. ಇನ್ನು 21 ಇಂಚಿನ ಚಕ್ರ. ಎಸ್‌ಗೆ ಕಂಪನಿಯಿಂದ ಬರುವ 20 ಇಂಚಿನಲ್ಲೇ ಮುಂದಿನ ಟೈರು 245/35. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಗೋಡೆ ಎಂಟೂವರೆ ಸೆಂಟಿಮೀಟರ್. ನಾಲ್ಕು ಬೆರಳು ಅಡ್ಡ ಇಟ್ಟರೆ ಮುಗಿಯಿತು. ಅದನ್ನೂ ಕಡಿಮೆ ಮಾಡಿ ಹದಡಿ ರಸ್ತೆಯಲ್ಲಿ ಓಡಿಸುತ್ತೇನೆ ಅಂದರೆ ರಿಮ್ ಉಳಿಯುವುದಿಲ್ಲ. ಈ ಕಾರಿಗೆ ಸ್ಟೆಪ್ನಿ ಬೇರೆ ಇಲ್ಲ, ಅಂಟು ತುಂಬುವ ಡಬ್ಬಿ ಮತ್ತು ಕಂಪ್ರೆಸರ್ ಅಷ್ಟೇ.

ಎರಡನೇ ಕಾರು ಊರಲ್ಲೇ ಇತ್ತು, ಕೆಎ-17. ಹಿಂದೆ ಹತ್ತಿ ವ್ಯಾಪಾರ ಮಾಡುತ್ತಿದ್ದ ಮನೆತನ. ಯಜಮಾನರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಬಾಗುತ್ತಿಲ್ಲ, ಅದಕ್ಕೇ ಮಾರುತ್ತಿದ್ದಾರೆ. ಬೆಳ್ಳಿ ಬಣ್ಣ. ದೂರದಿಂದ ನೋಡಿದರೆ ಏನೂ ವಿಶೇಷ ಅನ್ನಿಸುವುದಿಲ್ಲ. ತಮ್ಮನ ಮುಖ ಗೇಟಿನಲ್ಲೇ ಇಳಿದದ್ದನ್ನು ನಾನು ಕಂಡೆ.

ನಾನು ಮೊದಲು ಬಗ್ಗಿ ಟೈರು ನೋಡಿದೆ. ನಾಲ್ಕರ ಮೇಲೂ ಪೋರ್ಶೆಗೆ ಅಂತಲೇ ಹಾಕುವ ಎನ್ ಗುರುತು ಇತ್ತು, ನಾಲ್ಕರಲ್ಲೂ ತಯಾರಾದ ವಾರ, ವರ್ಷ ಒಂದೇ. ಆಮೇಲೆ ಮುಂದಿನ ಬಂಪರಿನ ತುಟಿಯ ಕೆಳಗೆ ಕೈಯಾಡಿಸಿದೆ. ಅಲ್ಲಿ ಯಾರೂ ನೋಡುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಈ ಊರಲ್ಲಿ ಇಷ್ಟು ವರ್ಷ ಓಡಿದ ಕಾರಿಗೆ ಅಲ್ಲಿ ಗರಗಸದ ಹಲ್ಲಿನ ಹಾಗೆ ಇರಬೇಕಿತ್ತು. ಇದು ನುಣ್ಣಗಿತ್ತು. ಎರಡನೇ ಸಲವೂ ಸವರಿದೆ.

"ಉಜ್ಜಿಲ್ಲಪ್ಪ" ಅಂದರು ಯಜಮಾನರು. ಒಳಗೆ ಕೂತು ಇಂಜಿನ್ ಚಾಲೂ ಮಾಡಿ ಒಂದು ಬಟನ್ ಒತ್ತಿದರು. ಎತ್ತು ಏಳುವಾಗ ಹಿಂಭಾಗ ಮೊದಲು ಏಳುತ್ತದೆ, ಕುದುರೆ ಮುಂಗಾಲು ಊರಿ ಏಳುತ್ತದೆ. ಕಾರು ಕುದುರೆಯ ಹಾಗೆ ಮುಂಭಾಗ ಎತ್ತಿತು. ಐದು ಸೆಕೆಂಡು ಹಿಡಿಯಿತು, ನಾಲ್ಕು ಸೆಂಟಿಮೀಟರ್ ಏರಿತು. ಸದ್ದೇ ಇಲ್ಲ. ಮುಂದಿನ ಸ್ಟ್ರಟ್ಟಿನೊಳಗೆ ಹೈಡ್ರಾಲಿಕ್ ಸಿಲಿಂಡರ್ ಕೂರಿಸಿ ಮಾಡಿದ ಏರ್ಪಾಟು ಅದು. ಈ ಕಾಲದ ಕರೇರಾಕ್ಕೆ ದುಡ್ಡು ಕೊಟ್ಟರೆ ಮಾತ್ರ ಸಿಗುತ್ತಿತ್ತು.

"ಬುಕ್ ಮಾಡೋಕ್ಕಿಂತ ಮುಂಚೆ ದಿನಾ ಬೆಳಗ್ಗೆ ವಾಕಿಂಗ್ ಹೋದಾಗ ಎಣಿಸಿದ್ದೆ" ಅಂದರು. "ನಮ್ಮನೆಯಿಂದ ಹೈವೇ ಹತ್ತೋಕೆ ಹನ್ನೊಂದು. ಅದರಾಗೆ ನಾಲ್ಕು ಕೆಟ್ಟವು. ಸೆರಾಮಿಕ್ ಬ್ರೇಕ್ ಹಾಕಿಸ್ರಿ ಅಂತ ಶೋರೂಮಿನವ್ರು ಬಹಳ ಹೇಳಿದ್ರು. ಇಲ್ಲಿ ನಾನು ಬ್ರೇಕ್ ಕಾಸೋದು ಎಲ್ಲಪ್ಪ? ಆ ದುಡ್ಡಿಗೆ ಇದು, ಮತ್ತೆ ಗಾಳಿ ಬರೋ ಸೀಟು." ಸೀಟಿನ ಮೇಲೆ ಅಂಗೈ ಇಟ್ಟು ನೋಡಿದೆ, ತೂತುಗಳಿಂದ ತಣ್ಣಗೆ ಗಾಳಿ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗ ದಾಟಿ ಹಿರಿಯೂರು ಕಡೆ ಹೋದವರಿಗೆ ಇದರ ಬೆಲೆ ಗೊತ್ತು. ಡ್ಯಾಶ್‌ಬೋರ್ಡ್ ಮೇಲೆ ಸ್ಪೋರ್ಟ್ ಕ್ರೋನೊದ ಗುಂಡು ಗಡಿಯಾರವೂ ಇತ್ತು. ಸ್ಟೇರಿಂಗಿನ ತಿರುಗುಣಿಯ ನಡುವಿನ ಬಟನ್ ಒತ್ತಿದರೆ ಇಂಜಿನ್ 20 ಸೆಕೆಂಡು ತನ್ನ ಪೂರ್ತಿ ಚುರುಕಿಗೆ ಬರುತ್ತದೆ, ಲಾರಿ ದಾಟಿಸಲು ಚೆನ್ನ. ಅದನ್ನು ತೋರಿಸುವಾಗ ಮಾತ್ರ ಅವರ ಮುಖದಲ್ಲಿ ಹುಡುಗನ ನಗು ಬಂತು.

ಆಮೇಲೆ ಕೇಳಿದ್ದು ಆ ಪ್ರಶ್ನೆ. ಕಾರಿನ ಬಗ್ಗೆ ಅಷ್ಟು ಹೊತ್ತು ಮಾತಾಡಿದವರು ದುಡ್ಡು ಎಷ್ಟು ಕೊಡ್ತೀಯ ಅಂತ ಕೇಳಲಿಲ್ಲ. ಎಷ್ಟು ಹಂಪ್ ಇದಾವಪ್ಪ ಅಂತ ಕೇಳಿದರು. ನಮ್ಮ ತಮ್ಮನಿಗೆ ಆ ಕಾರು ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತದೆ ಅನ್ನುವುದು ಪಾಯಿಂಟಿನ ಮೇಲಿನ ಅಂಕಿ ಸಮೇತ ಬಾಯಿಪಾಠ. ಹುಟ್ಟಿದ ಬೀದಿಯ ಹಂಪ್ ಗೊತ್ತಿಲ್ಲ.

ವಾಪಸ್ ಬರುವಾಗ ಬೆಣ್ಣೆ ದೋಸೆ ತಿನ್ನುತ್ತಾ ಅವನು ಅಂದ, "ಅಣ್ಣ, ಹಳದಿ ಕ್ಯಾಲಿಪರಿಂದೇ ತಗೊಳ್ಳೋಣ. ಹಂಪಿಂದೇನು, ನಮ್ಮನೆ ಮುಂದಿಂದೇ ದೊಡ್ಡದು. ಜೆಸಿಬಿಯವನಿಗೆ ಹೇಳಿ ಒಡೆಸಿಬಿಟ್ರೆ ಆಯ್ತು."

ದೋಸೆ ಗಂಟಲಲ್ಲೇ ನಿಂತಿತು. ಅವನ ಮೇಲೆ ಈ ವಾರ ನನಗೆ ಬಂದಷ್ಟು ಸಿಟ್ಟು ಎಂದೂ ಬಂದಿಲ್ಲ.

ಆ ಹಂಪ್ ಹಾಕಿದ್ದು ಚಿಕ್ಕಪ್ಪ. ಇವನಿಗೆ ಆಗ ಏಳು ವರ್ಷ. ನಿಟುವಳ್ಳಿಯ ಆ ರಸ್ತೆಯಲ್ಲಿ ಇಟ್ಟಿಗೆ ಟ್ರ್ಯಾಕ್ಟರ್‌ಗಳು ಇಳಿಜಾರಿಗೆ ನ್ಯೂಟ್ರಲ್ ಮಾಡಿಕೊಂಡು ಬರುತ್ತಿದ್ದವು. ಗೋಲಿ ಹೆಕ್ಕಲು ಓಡಿದವನಿಗೆ ಟ್ರೇಲರಿನ ಕೊಕ್ಕೆ ತಾಗಿ ತೊಡೆ ಮುರಿಯಿತು. ಆಸ್ಪತ್ರೆಯಿಂದ ಇವನನ್ನು ಮನೆಗೆ ತಂದ ರಾತ್ರಿಯೇ ಚಿಕ್ಕಪ್ಪ, ನಮ್ಮಪ್ಪ, ಬೀದಿಯ ಇನ್ನಿಬ್ಬರು ಸೇರಿ ಸೈಜುಗಲ್ಲಿನ ಚೂರು, ಎರಡು ಚೀಲ ಸಿಮೆಂಟು ಹಾಕಿ ಕಟ್ಟಿದರು. ನಾನು ಬ್ಯಾಟರಿ ಹಿಡಿದುಕೊಂಡು ನಿಂತಿದ್ದೆ. ಯಾರ ಅನುಮತಿಯೂ ಇಲ್ಲ, ಅಳತೆಯೂ ಇಲ್ಲ. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಗಾಡಿ ಏರಿ ಇಳಿದದ್ದು ಗೊತ್ತಾದರೂ ಹೊಟ್ಟೆ ತಾಗಬಾರದು. ಚಿಕ್ಕಪ್ಪನಿಗೆ ಅದೆಲ್ಲ ಎಲ್ಲಿ ಗೊತ್ತು. ಟ್ರ್ಯಾಕ್ಟರ್ ನಿಲ್ಲಬೇಕಿತ್ತು, ನಿಂತಿತು. ಎರಡು ಸಲ ಡಾಂಬರು ಹಾಕಿದರೂ ಆ ಹಂಪ್ ಮುಟ್ಟಲು ಚಿಕ್ಕಪ್ಪ ಬಿಟ್ಟಿಲ್ಲ, ರೋಲರ್ ಮುಂದೆ ಹೋಗಿ ನಿಂತಿದ್ದರು.

ಊರಲ್ಲಿ ಹಂಪ್ ಬೈಯದವರಿಲ್ಲ. ನಾನೂ ಬೈದಿದ್ದೇನೆ, ಅದರಿಂದ ಹಾಳಾದ ಅಲೈನ್‌ಮೆಂಟ್ ಸರಿಮಾಡಿಯೇ ನನ್ನ ಹೊಟ್ಟೆ ತುಂಬಿದೆ. ಆದರೆ ಬುಧವಾರ ಸಂಜೆ ಅಂಗಡಿ ಮುಚ್ಚಿ ಅವನ ಮನೆಯಿಂದ ಪಿ.ಬಿ. ರಸ್ತೆವರೆಗೆ ನಡೆದುಕೊಂಡೇ ಬಂದೆ. ಹದಿಮೂರು. ಒಂದು ಶಾಲೆ ಮುಂದೆ, ಒಂದು ಗುಡಿ ಮುಂದೆ, ಒಂದು ಕಿರಾಣಿ ಅಂಗಡಿ ಮುಂದೆ. ಅಂಗಡಿಯವಳನ್ನು ಕೇಳಿದೆ, ಇದು ಯಾವಾಗಿಂದಮ್ಮ ಅಂತ. "ನಮ್ಮ ಅತ್ತೆ ಇಲ್ಲೇ ಬಿದ್ದು ಹೋಗಿದ್ದು ಅಣ್ಣ" ಅಂದಳು, ಸಕ್ಕರೆ ತೂಗುತ್ತಾ. ಮುಂದಿನದರ ಬಗ್ಗೆ ಯಾರನ್ನೂ ಕೇಳಲು ನನಗೆ ಮನಸ್ಸು ಬರಲಿಲ್ಲ. ಯಜಮಾನರು ಬೆಳಗ್ಗೆ ಬೆಳಗ್ಗೆ ನಡೆದು ಎಣಿಸಿದಾಗ ಅವರಿಗೂ ಯಾರಾದರೂ ಹೀಗೆ ಹೇಳಿರಬೇಕು. ರಸ್ತೆ ಸರಿಯಿಲ್ಲ ಅಂತ ಒಂದು ಮಾತೂ ಅವರ ಬಾಯಲ್ಲಿ ಬರಲಿಲ್ಲ, ಕಾರನ್ನೇ ನಾಲ್ಕು ಸೆಂಟಿಮೀಟರ್ ಎತ್ತುವ ಹಾಗೆ ಮಾಡಿಸಿಕೊಂಡರು. ದುಡ್ಡಿದ್ದವರು ರಸ್ತೆಯನ್ನೇ ತಮಗೆ ತಕ್ಕಂತೆ ಮಾಡಿಸಿಕೊಂಡದ್ದನ್ನು ನಾನು ಈ ಊರಲ್ಲಿ ಬಹಳ ನೋಡಿದ್ದೇನೆ. ಗುರುತು ಪರಿಚಯ ಇಲ್ಲದ ಆ ಮನುಷ್ಯನ ಮೇಲೆ ನನಗೆ ಅಷ್ಟು ಗೌರವ ಹುಟ್ಟಿದ್ದು ಇದಕ್ಕೇ.

ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದೆ. "ಹದಿಮೂರು" ಅಂದೆ. "ಏನು ಹದಿಮೂರು?" ಅಂದ. "ನಿನ್ನ ತೊಡೆ ಮುಟ್ಟಿ ನೋಡ್ಕೋ" ಅಂತ ಹೇಳಿ ಇಟ್ಟೆ. ಹಾಗೆ ಹೇಳಬಾರದಿತ್ತೇನೋ. ನಿದ್ದೆ ಬರಲಿಲ್ಲ.

ನಿನ್ನೆ ಸಂಜೆ ಹೋದೆ. ಅವನು ಹಂಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಉದ್ದನೆಯ ಮರದ ಪಟ್ಟಿಯನ್ನು ಹಂಪಿನ ನೆತ್ತಿಯ ಮೇಲಿಂದ ಅಡ್ಡ ಹಿಡಿದಿದ್ದ, ಇನ್ನೊಂದು ತುದಿ ಚಿಕ್ಕಪ್ಪನ ಕೈಯಲ್ಲಿ. ನೆಲದಿಂದ ಪಟ್ಟಿಯವರೆಗೆ ಟೇಪು ಹಿಡಿದು ಬಗ್ಗಿ ಓದಿದ.

"ಹದಿನಾಲ್ಕು, ಅಣ್ಣ. ಲಿಫ್ಟ್ ಎಷ್ಟು ಏರುತ್ತೆ ಅಂದೆ?"

"ನಾಲ್ಕು."

"ಸಾಕಾಗುತ್ತಾ?"

"ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿದ್ರೆ ತುಟಿ ದಾಟುತ್ತೆ. ಹೊಟ್ಟೆ ಹೇಳೋಕಾಗಲ್ಲ, ಲಿಫ್ಟ್ ಎತ್ತೋದು ಮುಂದಿನ ಭಾಗ ಮಾತ್ರ. ಓಡಿಸಿ ನೋಡ್ಬೇಕು."

"ಯಜಮಾನ್ರಿಗೆ ಫೋನ್ ಮಾಡಿದ್ದೆ. ಭಾನುವಾರ ಕಾರು ಇಲ್ಲಿಗೇ ತರ್ತಾರಂತೆ. ಹದಿಮೂರು ಅಂತ ಹೇಳ್ದೆ ಅವರಿಗೆ."

ಚಿಕ್ಕಪ್ಪ ಪಟ್ಟಿ ಕೆಳಗಿಟ್ಟು, ಹಂಪಿನ ಮೇಲೆ ಸವೆದುಹೋದ ಬಿಳಿ ಗೆರೆಯನ್ನು ಚಪ್ಪಲಿಯಿಂದ ಒರೆಸಿ ನೋಡಿದರು. "ಅವರು ಬರೋ ಹೊತ್ತಿಗೆ ಒಂದು ಡಬ್ಬ ಬಿಳಿ ಪೇಂಟ್ ತಂದುಬಿಡೋ" ಅಂದರು.